ಸ್ಟೀಲ್ ಲೋಟ ಮತ್ತು ಹಳದಿ ದೀಪದ ಸಾಕ್ಷ್ಯ

ಮುಂದೆ ಗುಂಡಿಯಿದೆ ಎಂದು ಕೂಗಿ ಹೇಳುವವರಿಗೆ ಈ ಲೋಕದಲ್ಲಿ ಯಾವ ಕಾಲದಲ್ಲೂ ಮರ್ಯಾದೆ ಸಿಕ್ಕಿಲ್ಲ. ಅರಮನೆಯಾಗಲಿ, ಅಡುಗೆಮನೆಯಾಗಲಿ, ಎಚ್ಚರಿಸಿದವರನ್ನು ಮೊದಲು ಬೈದು, ಆಮೇಲೆ ವಿಧಿವತ್ತಾಗಿ ಗುಂಡಿಗೆ ಬೀಳುವುದೇ ಮನುಷ್ಯಕುಲ ನಡೆದುಕೊಂಡು ಬಂದಿರುವ ದಾರಿ. ಈ ಮಾತನ್ನು ಬಹಳ ಓದಿ ತಿಳಿದವನ ಗತ್ತಿನಲ್ಲೇನೂ ನಾನು ಹೇಳುತ್ತಿಲ್ಲ. ಕಾಫಿ ಕುಡಿಯುವ ಲೋಟದಲ್ಲಿ ಡೀಸೆಲ್ ತುಂಬಿ ಹೆಂಡತಿಯಿಂದ ಬೈಸಿಕೊಂಡವನಾಗಿ ಹೇಳುತ್ತಿದ್ದೇನೆ.

ಆಗ ನಾವು ಕೆ.ಆರ್. ಪುರದಲ್ಲಿದ್ದೆವು. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ನನಗೆ ಒಂದು ಸರ್ಕಾರಿ ಕಾರ್ಖಾನೆಯ ಗೇಜ್ ರೂಮಿನಲ್ಲಿ ಕೆಲಸ. ಗೇಜ್ ರೂಮ್ ಎಂದರೆ ಅಳತೆ ಮಾಡುವ ಸಾಧನಗಳನ್ನೇ ಅಳೆಯುವ ಕೋಣೆ. ಕಾರ್ಖಾನೆಯಲ್ಲಿ ಉಳಿದವರೆಲ್ಲ ಏನಾದರೊಂದು ತಯಾರಿಸುತ್ತಿದ್ದರು. ನಾವು ಐದು ಜನ ಏನನ್ನೂ ತಯಾರಿಸುತ್ತಿರಲಿಲ್ಲ. ಅವರ ಕೈಯಲ್ಲಿದ್ದ ಸಾಧನಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ವಿಚಾರಣೆ ಮಾಡುತ್ತಿದ್ದೆವು. ಸುಳ್ಳು ಹೇಳಿದ್ದು ಸಾಬೀತಾದರೆ ಅದರ ಕುತ್ತಿಗೆಗೆ ಕೆಂಪು ಚೀಟಿ ಕಟ್ಟಿ ಬೀರುವಿನಲ್ಲಿ ಕೂಡಿಹಾಕುತ್ತಿದ್ದೆವು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಒಂದು ಸ್ವಭಾವ ಅಂಟಿಕೊಳ್ಳುತ್ತದೆ. ಜ್ವರ ಬಂದರೆ ಅವನು ಮೊದಲು ಅನುಮಾನಿಸುವುದು ಥರ್ಮಾಮೀಟರನ್ನು.

ನನ್ನ ಹೆಂಡತಿ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಅವಳಿಗೆ ಅಧಿಕಾರಿಯಾಗಲು ಇಲಾಖೆಯ ಪರೀಕ್ಷೆಯೊಂದನ್ನು ಪಾಸು ಮಾಡಬೇಕಿತ್ತು. ಒಬ್ಬರಿಗೆ ಮೂರೇ ಅವಕಾಶ. ಮೊದಲನೇ ಸಲ ಅವಳು ಸ್ವಲ್ಪದರಲ್ಲಿ ಫೇಲಾಗಿದ್ದಳು. ಎರಡನೇ ಸಲ ಮಗನಿಗೆ ಸೀತಾಳೆ ಸಿಡುಬು. ಹಾಲ್ ಟಿಕೆಟ್ ದೇವರ ಮನೆಯ ಗೂಡಿನಲ್ಲೇ ಉಳಿಯಿತು. ಇದು ಮೂರನೆಯದು, ಕೊನೆಯದು. ಆರು ತಿಂಗಳಿಂದ ಅವಳು ಓದುತ್ತಿದ್ದಳು. ನಿಯಮಾವಳಿಯ ಹಾಳೆಗಳನ್ನು ಬಟ್ಟೆಯ ಕ್ಲಿಪ್ಪಿನಿಂದ ಮಸಾಲೆ ಡಬ್ಬಿಗಳ ಸಾಲಿಗೆ ಸಿಕ್ಕಿಸಿ, ಓದುವ ಕನ್ನಡಕ ಹಾಕಿಕೊಂಡು, ಒಗ್ಗರಣೆ ಹಾಕುತ್ತಾ ಬಾಯಿಪಾಠ ಮಾಡುತ್ತಿದ್ದಳು. ಆ ಆರು ತಿಂಗಳು ನಮ್ಮ ಮನೆಯ ಸಾರಿನಲ್ಲಿ ಉಪ್ಪು ಒಂದು ದಿನ ಇರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಯಾರೂ ತಕರಾರು ಮಾಡಲಿಲ್ಲ.

ಪರೀಕ್ಷೆ ಭಾನುವಾರ ಹತ್ತು ಗಂಟೆಗೆ, ಶಿವಾಜಿನಗರದ ಹತ್ತಿರದ ಒಂದು ಶಾಲೆಯಲ್ಲಿ. ಅವಳು ಬಸ್ಸಿನಲ್ಲಿ ಹೋಗುವುದೆಂದು ತೀರ್ಮಾನಿಸಿದ್ದಳು. ನನಗೆ ಅವಮಾನವಾಯಿತು.

"ಮನೆ ಮುಂದೆ ಜೀಪ್ ನಿಂತಿರುವಾಗ ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀಯಾ? ನಾನು ಕರ್ಕೊಂಡು ಹೋಗಿ ಬಿಡ್ತೀನಿ."

"ಬಸ್ಸಿಗೆ ಹಳದಿ ದೀಪ ಉರಿಯಲ್ಲ ರೀ," ಎಂದಳು ಅವಳು.

ಆ ದೀಪದ ಕಥೆ ಹೇಳುವ ಮೊದಲು ಮುಚ್ಚಳದ ಕಥೆ ಹೇಳಬೇಕು. ಅದನ್ನು ಹೇಳದೆ ಬಿಟ್ಟರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಆದರೆ ವಿಚಾರಣೆ ಎಂದ ಮೇಲೆ ವಿಚಾರಣೆ.

ನಮ್ಮದು ಹಳೆಯದನ್ನು ಕೊಂಡ ಡೀಸೆಲ್ ಜೀಪು. ಮನೆಗೆ ಬಂದ ಎರಡನೇ ತಿಂಗಳಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಡೀಸೆಲ್ ಟ್ಯಾಂಕಿನ ಮುಚ್ಚಳ ಇಲ್ಲ. ಟ್ಯಾಂಕಿನ ಬಾಯಿ ಬಾಗಿಲ ಹಿಂದೆ, ಓರೆಯಾಗಿ ಆಕಾಶ ನೋಡಿಕೊಂಡು ತೆರೆದುಕೊಂಡಿತ್ತು. ಜೀಪಿನಲ್ಲಿ ಬಿಚ್ಚಲು ಬರುವಂಥದ್ದು ಬೇಕಾದಷ್ಟಿದ್ದರೂ ಕಳ್ಳ ಬರೀ ಮುಚ್ಚಳ ಒಯ್ದದ್ದು ಕಂಡು ದಂಗಾದೆ. ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು. ಆದರೆ ಅಂಗಡಿಯ ಮುಚ್ಚಳವನ್ನು ಸ್ಕ್ರೂ ಗೇಜಿನಲ್ಲಿ ಅಳೆದು ನೋಡಿದ ನನಗೆ ಅದರ ಮೇಲೆ ಗೌರವ ಹುಟ್ಟಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು, ನಿವೃತ್ತನಾಗಿ ಗರುಡಾಚಾರ್‌ಪಾಳ್ಯದಲ್ಲಿ ಸ್ವಂತ ಲೇತ್ ಇಟ್ಟುಕೊಂಡಿದ್ದ ಗೆಳೆಯನ ಹತ್ತಿರ ಹೋದೆ. ನಕ್ಷೆ ಬರೆದು, ಅಳತೆ ಹಾಕಿ, ಹಿತ್ತಾಳೆಯಲ್ಲಿ ಮಾಡಿಕೊಡು ಎಂದೆ.

"ಒಳಗಡೆ ರಬ್ಬರ್ ವಾಷರ್ ಹಾಕ್ಲಾ ಗುರು?"

"ಅಳತೆ ಸರಿಯಿದ್ರೆ ರಬ್ಬರ್ ಯಾಕೋ?"

"ಟ್ಯಾಂಕಿಗೆ ಉಸಿರಾಡೋಕೆ?"

"ನಟ್ಟನಡುವೆ ಎರಡು ಮಿಲಿಮೀಟರ್ ತೂತು ಹೊಡಿ."

"ಮೇಲಿಂದ ನೇರವಾಗಾ? ಕಂಪನಿಯವ್ರು ಒಳಗೊಳಗೇ ಸುತ್ತಿಬಳಸಿ ದಾರಿ ಬಿಟ್ಟಿರ್ತಾರಲ್ಲೋ."

"ಅವರಿಗೆ ಸುತ್ತಿಬಳಸೋದೇ ಅಭ್ಯಾಸ. ನೀನು ನೇರವಾಗಿ ಹೊಡಿ."

ಅವನು ನನ್ನ ಮುಖ ಒಮ್ಮೆ ನೋಡಿದ. ಗೇಜ್ ರೂಮಿನವರ ಜೊತೆ ವಾದ ಮಾಡಬಾರದೆಂದು ಮೂವತ್ತು ವರ್ಷದ ಸರ್ವೀಸಿನಲ್ಲಿ ಕಲಿತವನು, ತೂತು ಹೊಡೆದ. ಅಂದವಾಗಿ ಕಾಣಲೆಂದು ಮುಚ್ಚಳದ ಮೇಲ್ಮೈಯನ್ನು ಪಂಚಪಾತ್ರೆಯ ತಟ್ಟೆಯ ಹಾಗೆ ನಡುವಿಗೆ ಸ್ವಲ್ಪ ತಗ್ಗಾಗಿ ಕಡೆದುಕೊಟ್ಟ. ಅದು ನಿಜವಾಗಲೂ ಸುಂದರವಾಗಿತ್ತು. ನಮ್ಮ ಬೀದಿಯಲ್ಲಿ ಬೇರೆ ಯಾರ ಗಾಡಿಗೂ ಹಿತ್ತಾಳೆಯ ಮುಚ್ಚಳ ಇರಲಿಲ್ಲ. ಪ್ರತಿ ಭಾನುವಾರ ಜೀಪು ತೊಳೆಯುವಾಗ ನಾನೇ ಹೋಸ್ ಪೈಪು ಹಿಡಿದು ಆ ಮುಚ್ಚಳಕ್ಕೆ ವಿಶೇಷ ಅಭಿಷೇಕ ಮಾಡುತ್ತಿದ್ದೆ.

ಇದಾಗಿ ಕೆಲವು ವಾರಕ್ಕೆ ಒಂದು ಸೋಮವಾರ ಬೆಳಗ್ಗೆ, ಹೆಂಡತಿಯನ್ನು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಬಿಡಲು ಹೋಗುತ್ತಿದ್ದಾಗ, ಸ್ಟಿಯರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿತು. ಅಲ್ಲೊಂದು ದೀಪವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೆದರಿ ಬ್ರೇಕ್ ಒತ್ತಿದೆ. ಹಿಂದಿನ ಆಟೋದವನು ನನ್ನ ವಂಶದ ಬಗ್ಗೆ ತಮಿಳಿನಲ್ಲಿ ವಿಚಾರಿಸಿದ. ದೀಪದ ಮೇಲೆ ಒಂದು ಸಣ್ಣ ಚಿತ್ರ: ಲೋಟದಂಥ ಒಂದು ಆಕಾರ, ಅದರ ಕೆಳಗೆ ಹನಿಗಳು.

"ಡೀಸೆಲಲ್ಲಿ ನೀರು ಸೇರಿದೆ ಅಂತ ಅರ್ಥ," ಎಂದಳು ಹೆಂಡತಿ.

"ನಿನಗೆ ಹೇಗೆ ಗೊತ್ತು?"

"ಗಾಡಿ ಜೊತೆ ಪುಸ್ತಕ ಕೊಟ್ಟಿದ್ರಲ್ಲ, ಓದಿದೆ. ನೀವು ಅದನ್ನ ಬಾಗಿಲಿಗೆ ಒತ್ತು ಕೊಟ್ಟಿದ್ದೀರಿ."

ಶನಿವಾರ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಡೀಸೆಲ್ ಗಾಡಿಗಳನ್ನು ನೋಡುವ ಒಬ್ಬ ಮೇಸ್ತ್ರಿ ಇದ್ದರು. ಮೆಹಂದಿ ಹಚ್ಚಿದ ಗಡ್ಡ. ಅರ್ಧ ಕನ್ನಡ, ಅರ್ಧ ದಖನಿ. ಜೀಪಿನೊಳಗೆ ಬಗ್ಗಿ ದೀಪ ನೋಡಿ, ಬಾನೆಟ್ಟನ್ನು ಮುಟ್ಟದೆ, "ಪಾನಿ ಹೈ ಸಾಬ್. ನೀರು ಬಂದಿದೆ," ಎಂದರು.

ನನಗೆ ಆಘಾತವಾಯಿತು. ಬಿಚ್ಚಲಿಲ್ಲ, ಅಳೆಯಲಿಲ್ಲ, ಕಣ್ಣಿಂದ ನೀರಿನ ಹನಿ ಕಾಣಲಿಲ್ಲ; ತೀರ್ಪು ಕೊಟ್ಟರು!

"ನೋಡದೆ ಹೇಗೆ ಹೇಳ್ತೀರಿ?"

"ನಾನ್ಯಾಕೆ ನೋಡ್ಬೇಕು ಸಾಬ್? ಲೈಟ್ ಹೇಳ್ತಾ ಇದೆಯಲ್ಲ."

"ಲೈಟ್ ಸುಳ್ಳು ಹೇಳಿದ್ರೆ?"

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲೈಟಿಗೆ ಏನ್ ಲಾಭ ಸಾಬ್?"

ಈ ಪ್ರಶ್ನೆಗೆ ಗೇಜ್ ರೂಮಿನಲ್ಲಿ ಯಾರೂ ನನಗೆ ಉತ್ತರ ಕಲಿಸಿರಲಿಲ್ಲ. ಆದರೂ ಸೋಲಲಿಲ್ಲ. ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವರು ಬೇಸರ ಮಾಡಿಕೊಳ್ಳದೆ, ಫಿಲ್ಟರಿನ ಬುಡದಲ್ಲಿ ಒಂದು ತಿರುಪಿದೆ, ಅದನ್ನು ಸಡಿಲಿಸಿದರೆ ಕೆಳಗೆ ನಿಂತ ನೀರು ಹೊರಗೆ ಬರುತ್ತದೆ, ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ ಎಂದು ಹೇಳಿಕೊಟ್ಟರು. ಗಾಜಿನದು ಎಂಬ ಮಾತು ನನ್ನ ಕಿವಿಯ ಮೇಲೆ ಬಿತ್ತು, ಒಳಗೆ ಹೋಗಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಸ್ಟೀಲ್ ಲೋಟ ತಂದೆ. ನಮ್ಮ ಮದುವೆಗೆ ಉಡುಗೊರೆ ಬಂದದ್ದು; ಮೈಮೇಲೆ ಕೊಟ್ಟವರ ಹೆಸರು ಕೊರೆದಿತ್ತು. ತಿರುಪು ಸಡಿಲಿಸಿ ಲೋಟ ತುಂಬ ಹಿಡಿದೆ. ಬಗ್ಗಿ ನೋಡಿದೆ. ಡೀಸೆಲ್. ಮೂಸಿದೆ. ಡೀಸೆಲ್. ಬೆರಳು ಅದ್ದಿ ಉಜ್ಜಿದೆ. ಡೀಸೆಲ್. ಎಣ್ಣೆ ಮೇಲೆ ತೇಲುತ್ತದೆ, ನೀರು ತಳದಲ್ಲಿರುತ್ತದೆ, ಸ್ಟೀಲ್ ಲೋಟದ ತಳ ಯಾರಿಗೂ ಕಾಣುವುದಿಲ್ಲ ಎಂಬ ಸಂಗತಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೊಳೆಯುತ್ತಿತ್ತು. ನಾನು ಅದನ್ನು ಮೋರಿಗೆ ಚೆಲ್ಲಿ, ಡೈರಿಯಲ್ಲಿ "ನೀರು ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ.

ದೀಪ ಆರಿತು. ಮುಂದಿನ ಸೋಮವಾರ ಮತ್ತೆ ಹತ್ತಿತು. ಮತ್ತೆ ಲೋಟ, ಮತ್ತೆ ಮೋರಿ, ಮತ್ತೆ ಡೈರಿ. ಮೂರನೇ ಸೋಮವಾರವೂ ಹತ್ತಿತು. ಡೀಸೆಲ್ ಹಾಕಿಸುತ್ತಿದ್ದ ಬಂಕಿಗೆ ಹೋಗಿ ಜಗಳ ತೆಗೆದೆ. ಅವರು ಉದ್ದನೆಯ ಅಳತೆ ಕೋಲಿನ ತುದಿಗೆ ನೀರು ತಾಗಿದರೆ ಬಣ್ಣ ತಿರುಗುವ ಲೇಪ ಹಚ್ಚಿ, ನೆಲದೊಳಗಿನ ಟ್ಯಾಂಕಿಗೆ ಇಳಿಸಿ, ತೆಗೆದು ತೋರಿಸಿದರು. ಬಣ್ಣ ತಿರುಗಿರಲಿಲ್ಲ. "ನೋಡಿದ್ರಲ್ಲ ಸಾರ್, ಇನ್ನು ಹೊರಡಿ. ಹಿಂದೆ ಲಾರಿ ನಿಂತಿದೆ," ಎಂದರು. ಮೇಸ್ತ್ರಿಯನ್ನು ಬಿಟ್ಟೆ, ಬಂಕನ್ನು ಬಿಟ್ಟೆ. ಕಟಕಟೆಯಲ್ಲಿ ಉಳಿದ ಸಾಕ್ಷಿ ಒಂದೇ: ಫಿಲ್ಟರಿನ ಬುಡದಲ್ಲಿ ಕೂತು ನೀರು ಬಂತು ಎಂದು ಕೂಗುತ್ತಿದ್ದ ಸೆನ್ಸರ್.

ಪರೀಕ್ಷೆಗೆ ಒಂದು ವಾರ ಮೊದಲು, ಶನಿವಾರ, ಅದರ ವಿಚಾರಣೆ ನಡೆಸಿದೆ. ಸೆನ್ಸರ್ ಎಂದರೆ ಒಂದು ಗುಬುಟು. ಅದರ ತುದಿಯಲ್ಲಿ ಎರಡು ಸಣ್ಣ ಲೋಹದ ಕಡ್ಡಿ. ಎರಡು ಕಡ್ಡಿಯ ನಡುವೆ ನೀರು ಬಂದರೆ ಕರೆಂಟು ಹರಿದು ದೀಪ ಹತ್ತುತ್ತದೆ. ಡೀಸೆಲಿನಲ್ಲಿ ಕರೆಂಟು ಹರಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಿಚ್ಚಿ, ವೈರು ಸಮೇತ ಹೊರಗೆಳೆದು, ಕೀಲಿ ತಿರುಗಿಸಿಟ್ಟು, ಬಂಪರಿನ ಮೇಲೆ ಎರಡು ಸ್ಟೀಲ್ ಲೋಟ ಜೋಡಿಸಿದೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಬಂಕಿನಿಂದ ಆಗಷ್ಟೇ ತಂದ ಶುದ್ಧ ಡೀಸೆಲ್. ಕೈ ನಡುಗಿ ಫಲಿತಾಂಶ ಕೆಡಬಾರದೆಂದು ಸೆನ್ಸರನ್ನು ಲೋಟದ ತಳಕ್ಕೆ ಭದ್ರವಾಗಿ ಊರಿ ನಿಲ್ಲಿಸಿದೆ. ನೀರಿನಲ್ಲಿ ದೀಪ ಹತ್ತಿತು. ಸರಿ. ಒರೆಸಿ, ಒಣಗಿಸಿ, ಡೀಸೆಲಿನಲ್ಲಿ ಊರಿದೆ.

ದೀಪ ಹತ್ತಿತು.

ನಾನು ನಿಂತಲ್ಲೇ ಕಂಬವಾದೆ. ಒಂದು ಹನಿ ನೀರಿಲ್ಲದ ಡೀಸೆಲಿನಲ್ಲಿ ನೀರು ನೀರು ಎಂದು ಕೂಗುತ್ತಿದೆ! ಮೂರು ಸಲ ಮಾಡಿದೆ. ಮೂರು ಸಲವೂ ಹತ್ತಿತು. ಗಾಳಿಯಲ್ಲಿ ಎತ್ತಿ ಹಿಡಿದರೆ ಆರುತ್ತಿತ್ತು. ಯಾವ ದ್ರವ ಕಂಡರೂ ಕೂಗುವ ಚಟ ಇದಕ್ಕೆ ಎಂದು ತೀರ್ಮಾನವಾಯಿತು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸುಳ್ಳು ಸಾಧನಗಳನ್ನು ಕಂಡಿದ್ದೆ, ಇಷ್ಟು ನಿರ್ಲಜ್ಜವಾದದ್ದನ್ನು ಕಂಡಿರಲಿಲ್ಲ. ಅದನ್ನು ಮತ್ತೆ ತಿರುಪಿ ಕೂರಿಸಿ, ವೈರಿನ ಕೊಂಡಿ ಕಳಚಿ, ಕಾರ್ಖಾನೆಯಿಂದ ತಂದಿದ್ದ ಒಂದು ಕೆಂಪು ಚೀಟಿಯಲ್ಲಿ "ತಿರಸ್ಕೃತ" ಎಂದು ಬರೆದು, ಅದರ ನಂಬರ್ ನಮೂದಿಸಿ, ಕಟ್ಟಿದೆ. ಆ ಹದಿಮೂರು ಅಂಕಿಯ ನಂಬರ್ ಎಷ್ಟೋ ಕಾಲ ನನಗೆ ಬಾಯಿಪಾಠವಿತ್ತು.

ಹೆಂಡತಿ ಕಾಫಿಗೆ ಲೋಟ ಹುಡುಕುತ್ತಾ ಹೊರಗೆ ಬಂದಳು.

"ಅಯ್ಯೋ, ನಮ್ಮ ಚಿಕ್ಕಪ್ಪ ಕೊಟ್ಟ ಲೋಟ ಕಣ್ರೀ ಅದು! ಡೀಸೆಲ್ ಹಾಕಿದ್ದೀರಾ? ಇನ್ನು ಅದು ಒಳಗೆ ಬರಕೂಡದು."

ಹೀಗೆ ಆ ಲೋಟ ಜೀಪಿನ ಟೂಲ್ ಪೆಟ್ಟಿಗೆ ಸೇರಿತು. ಸೋಮವಾರ ಅವಳು ಸ್ಟಿಯರಿಂಗಿನ ಹಿಂದೆ ಬಗ್ಗಿ ನೋಡಿದಳು.

"ದೀಪ ಯಾಕೆ ಹತ್ತಿಲ್ಲ ಇವತ್ತು?"

"ಅದರ ಸಾಕ್ಷ್ಯ ವಜಾ ಆಗಿದೆ."

"ಅಂದ್ರೆ?"

"ಕನೆಕ್ಷನ್ ತೆಗೆದಿದ್ದೀನಿ. ಸುಳ್ಳು ಹೇಳ್ತಿತ್ತು."

"ನಿಮಗೆ ಇಷ್ಟವಾಗದ್ದು ಹೇಳ್ತಿತ್ತು. ಎರಡೂ ಒಂದೇ ಅಲ್ಲ ರೀ. ನೋಡಿ, ಭಾನುವಾರ ನನ್ನ ಪರೀಕ್ಷೆ. ದಾರೀಲಿ ಗಾಡಿ ನಿಂತ್ರೆ ನಾನು ಕಾಯಲ್ಲ."

"ನಿಲ್ಲಲ್ಲ ಕಣೇ."

ಶನಿವಾರ ಸಂಜೆ, ಶುಭಕಾರ್ಯಕ್ಕೆ ಹೊರಡುವ ಗಾಡಿ ಕೊಳೆಯಾಗಿರಬಾರದೆಂದು ಜೀಪು ತೊಳೆಯಲು ನಿಂತೆ. ಆ ದಿನ ಮುಚ್ಚಳಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದೆ. ದೇವರ ದೀಪಕ್ಕೂ ನಮ್ಮ ಮನೆಯಲ್ಲಿ ಅಷ್ಟು ಹೊಳಪು ಬಂದಿರಲಿಲ್ಲ. ಹುಣಸೆಯ ಹುಳಿ ಉಳಿದರೆ ಹಿತ್ತಾಳೆ ಕಪ್ಪಾಗುತ್ತದೆಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ರಭಸವಾಗಿ, ಬಹಳ ಹೊತ್ತು ತೊಳೆದೆ. ಆಮೇಲೆ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ.

ಭಾನುವಾರ ಎಂಟೂವರೆಗೆ ನಿಂಬೆಹಣ್ಣುಗಳನ್ನು ತುಳಿದು ಹೊರಟೆವು. ಅವಳು ಓದುವ ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಹಾಳೆಗಳನ್ನಿಟ್ಟುಕೊಂಡು ಕೊನೆಯ ಸಲ ತಿರುವುತ್ತಿದ್ದಳು. ಆ ಕನ್ನಡಕವಿಲ್ಲದೆ ಅವಳಿಗೆ ದೂರದ ಬಸ್ಸಿನ ಬೋರ್ಡು ಕಾಣುತ್ತಿತ್ತು, ಕೈಯಲ್ಲಿರುವ ಅಕ್ಷರ ಕಾಣುತ್ತಿರಲಿಲ್ಲ. ಟಿನ್ ಫ್ಯಾಕ್ಟರಿ ದಾಟಿದೆವು. ಬೈಯಪ್ಪನಹಳ್ಳಿಯ ಹತ್ತಿರ ಜೀಪು ಒಮ್ಮೆ ಬಿಕ್ಕಿತು.

"ಏನದು?"

"ರಸ್ತೆ."

ಇಂದಿರಾನಗರದ ತಿರುವಿನಲ್ಲಿ ಎರಡು ಸಲ ಬಿಕ್ಕಿತು. ಅವಳು ತಲೆಯೆತ್ತಲಿಲ್ಲ; ಹಾಳೆ ತಿರುವುವುದನ್ನು ನಿಲ್ಲಿಸಿದಳು. ಹಲಸೂರಿನ ಇಕ್ಕಟ್ಟು ದಾಟಿ ಕೆರೆಯ ಪಕ್ಕಕ್ಕೆ ಬರುವಷ್ಟರಲ್ಲಿ ಇಂಜಿನ್ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ನಿಂತಿತು. ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸೆಲ್ಫ್ ಹೊಡೆದೆ. ಹೊಡೆದೆ. ಇನ್ನೊಮ್ಮೆ ಹೊಡೆದೆ. ಮೈಯೆಲ್ಲ ಬೆವೆತುಹೋಯಿತು. ಎಡಗಡೆ ಬೇಲಿಯಾಚೆ ಕೆರೆ ತುಂಬ ನೀರು ತಣ್ಣಗೆ ನಿಂತಿತ್ತು.

ಅವಳು ಬೈಯಲಿಲ್ಲ. ಕನ್ನಡಕ ತೆಗೆದಳು, ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿದಳು, ಇಳಿದು ಸೀರೆಯ ನೆರಿಗೆ ಕೊಡವಿಕೊಂಡಳು. ಅಷ್ಟರಲ್ಲಿ ಶಿವಾಜಿನಗರದ ಬಸ್ಸೊಂದು ಬಂತು. ಕೈ ಅಡ್ಡ ಹಾಕಿದಳು.

"ಹಾಲ್ ಟಿಕೆಟ್ ನನ್ನ ಹತ್ರ ಇದೆ. ನೀವು ನಿಮ್ಮ ಸಾಕ್ಷಿ ಜೊತೆ ಇರಿ," ಎಂದು ಹತ್ತಿದಳು.

ಬಸ್ಸು ಹೋಯಿತು. ನಾನು ಬಾನೆಟ್ ಎತ್ತಿ ಬ್ಯಾಟರಿಯನ್ನು ಅನುಮಾನಿಸಿದೆ. ಆಮೇಲೆ ಫ್ಯೂಸುಗಳನ್ನು ಅನುಮಾನಿಸಿದೆ. ಆಮೇಲೆ ಗಾಳಿಯ ಫಿಲ್ಟರನ್ನು. ಅರ್ಧ ಗಂಟೆ ಹೀಗೆ ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸಿ, ಇನ್ನೊಮ್ಮೆ ಸೆಲ್ಫ್ ಹೊಡೆಯೋಣವೆಂದು ಒಳಗೆ ಕೂತಾಗ, ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಅವಳ ಕನ್ನಡಕ ಮಡಿಸಿಟ್ಟಿತ್ತು.

ಒಂಬತ್ತು ಐವತ್ತು. ಜೀಪಿನ ಬಾನೆಟ್ಟನ್ನೂ ಮುಚ್ಚದೆ ಓಡಿದೆ. ಆಟೋ ಹತ್ತಿ ಶಾಲೆಯ ಗೇಟಿಗೆ ಬರುವಾಗ ಹತ್ತು ದಾಟಿ ಐದು ನಿಮಿಷ. ಗೇಟು ಮುಚ್ಚಿತ್ತು. ಒಳಗೆ ಸ್ಟೂಲಿನ ಮೇಲೆ ವಾಚ್‌ಮ್ಯಾನ್, ಕಂಟೋನ್ಮೆಂಟಿನ ತಮಿಳು-ಕನ್ನಡ ಮಾತಾಡುವ ಹಿರಿಯ.

"ಎಕ್ಸಾಮ್ ಸ್ಟಾರ್ಟ್ ಆಯ್ತು ಸಾರ್. ಯಾರ್ನೂ ಬಿಡಲ್ಲ."

"ನಾನು ಬರೆಯೋದಲ್ಲಪ್ಪ. ನನ್ನ ಹೆಂಡತಿ ಒಳಗಿದಾಳೆ. ಇದು ಅವಳ ಕನ್ನಡಕ. ಇದಿಲ್ದೆ ಒಂದಕ್ಷರ ಕಾಣಲ್ಲ ಅವಳಿಗೆ."

"ಅಯ್ಯಯ್ಯೋ. ಕೊಡಿ, ಕೊಟ್ಟು ಬರ್ತೀನಿ. ರೋಲ್ ನಂಬರ್ ಎಷ್ಟು?"

ನಾನು ಬಾಯಿ ತೆರೆದೆ. ಹದಿಮೂರು ಅಂಕಿಯ ಒಂದು ನಂಬರ್ ನಾಲಿಗೆಯ ತುದಿಗೆ ಬಂತು. ಅದು ಸೆನ್ಸರಿನದು. ಹದಿನೈದು ದಿನ ದೇವರ ಮುಂದೆ ಇಟ್ಟಿದ್ದ ಹಾಲ್ ಟಿಕೆಟ್ಟಿನ ನಂಬರನ್ನು ನಾನು ಒಮ್ಮೆಯೂ ಓದಿರಲಿಲ್ಲ.

"ಗೊತ್ತಿಲ್ಲ."

"ಯಾವ ಕಲರ್ ಸೀರೆ?"

ಎರಡು ಗಂಟೆ ಮೊದಲು ಉಟ್ಟು ಅವಳು ನನ್ನ ಪಕ್ಕದಲ್ಲೇ ಕೂತಿದ್ದ ಸೀರೆ. ನನಗೆ ಮುಚ್ಚಳದ ಬಣ್ಣವಷ್ಟೇ ನೆನಪಿಗೆ ಬರುತ್ತಿತ್ತು. ಆ ಗೇಟಿನ ಸರಳು ಹಿಡಿದುಕೊಂಡು ನಾನು ನನ್ನ ಬಗ್ಗೆ ಬೆಚ್ಚಿಬಿದ್ದಷ್ಟು ಯಾವತ್ತೂ ಯಾರ ಬಗ್ಗೆಯೂ ಬೆಚ್ಚಿಲ್ಲ.

"ಸಿಟ್ಟಲ್ಲಿರ್ತಾಳೆ," ಎಂದೆ.

"ಇವತ್ತು ಎಲ್ಲಾ ಲೇಡೀಸೂ ಹಂಗೇ ಇದಾರೆ ಸಾರ್," ಎಂದ ಅವನು. ಆದರೂ ಕನ್ನಡಕ ತೆಗೆದುಕೊಂಡು, ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು ಎತ್ತಿ ತೋರಿಸುತ್ತಾ ಹೋದ. ನಾನು ಗೇಟಿನಿಂದ ನೋಡುತ್ತಿದ್ದೆ. ಅವನು ಮೊದಲ ಕೋಣೆಯಲ್ಲಿ ನಿಂತ, ಮುಂದೆ ಹೋದ. ಎರಡನೆಯದರಲ್ಲಿ ಮೇಲ್ವಿಚಾರಕರು ಏನೋ ಗದರಿದರು. ಮೆಟ್ಟಿಲು ಹತ್ತಿ ಮರೆಯಾದ. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದ.

"ಮೇಲ್ಗಡೆ, ಐದನೇ ರೂಮ್. ನಾನು ಕೇಳೋ ಮೊದ್ಲೇ ಕೈ ಚಾಚಿದ್ರು ಸಾರ್."

ಹತ್ತು ಗಂಟೆ ಇಪ್ಪತ್ತೈದು ನಿಮಿಷ.

ಅಲ್ಲಿಂದ ಮೇಸ್ತ್ರಿಯ ಅಂಗಡಿಗೆ ನಡೆದುಹೋದೆ. ಅವರು ನನ್ನ ಮುಖ ನೋಡಿದವರೇ ಏನೂ ಕೇಳದೆ ಸ್ಕೂಟರ್ ತೆಗೆದರು. ಕೆರೆಯ ಪಕ್ಕ ಜೀಪು ಬಾಯಿ ತೆರೆದುಕೊಂಡು ನಿಂತಿತ್ತು. ಪುಣ್ಯಕ್ಕೆ ಯಾರೂ ಏನನ್ನೂ ಒಯ್ದಿರಲಿಲ್ಲ, ಮುಚ್ಚಳವನ್ನು ಕೂಡ.

"ಎಷ್ಟ್ ಸಲ ಸೆಲ್ಫ್ ಹೊಡೆದ್ರಿ?"

"ಹತ್ತಿಪ್ಪತ್ತು."

"ಇನ್ನು ನಕ್ಕೋ. ಒಂದ್ಸಲಾನೂ ಬೇಡ. ನೀರು ಪಂಪಿಗೆ ಹೋದ್ರೆ ಪಂಪೇ ಖತಂ."

ಪಕ್ಕದ ಟೀ ಗಾಡಿಯಿಂದ ಎರಡು ಗಾಜಿನ ಗ್ಲಾಸ್ ಇಸಿದುಕೊಂಡರು. ಫಿಲ್ಟರಿನ ಬುಡದ ತಿರುಪು ಸಡಿಲಿಸಿ, ಒಂದು ಗ್ಲಾಸ್ ತುಂಬ ಹಿಡಿದು, ಬಿಸಿಲಿಗೆ ಎತ್ತಿ ತೋರಿಸಿದರು. ಗ್ಲಾಸಿನ ಮುಕ್ಕಾಲು ಪಾಲು ತಿಳಿನೀರು. ಮೇಲೆ ತೆಳ್ಳಗೆ, ಸಾರಿನ ಮೇಲಿನ ಎಣ್ಣೆಯಂತೆ, ಡೀಸೆಲ್. ನಡುವೆ ಗೆರೆ ಎಳೆದ ಹಾಗೆ ಗಡಿ.

ಗ್ಲಾಸ್ ಕೈಗೆ ತೆಗೆದುಕೊಂಡು ಮೂಸಿದೆ.

"ಲೈಟ್ ಹೇಳ್ಲಿಲ್ವಾ ಸಾಬ್?" ಎಂದು ಕೇಳುತ್ತಾ ಮೇಸ್ತ್ರಿ ಒಳಗೆ ಕೈ ಹಾಕಿ, ಕೆಂಪು ಚೀಟಿ ಹಿಡಿದುಕೊಂಡು ಬಂದರು. "ಇದೇನು, ತಾಯಿತಾನಾ?"

ನಡೆದದ್ದನ್ನು ಹೇಳಿದೆ. ಶುದ್ಧ ಡೀಸೆಲಿನಲ್ಲೂ ದೀಪ ಹತ್ತಿದ್ದನ್ನು ನಾನೇ ಮೂರು ಸಲ ಕಂಡೆನೆಂದು ಒತ್ತಿ ಹೇಳಿದೆ. ಅವರು ಸ್ಕೂಟರಿನ ಡಿಕ್ಕಿಯಿಂದ ಡೀಸೆಲ್ ಬಾಟಲಿ ತೆಗೆದು ಇನ್ನೊಂದು ಟೀ ಗ್ಲಾಸಿಗೆ ಸುರಿದು, ಸೆನ್ಸರ್ ಬಿಚ್ಚಿ ಒರೆಸಿ, ವೈರು ಜೋಡಿಸಿ, ಅದ್ದಿದರು. ಕೀಲಿ ತಿರುಗಿಸಿದೆ. ದೀಪ ಹತ್ತಲಿಲ್ಲ. ಕುಡಿಯುವ ನೀರು ಒಂದಿಷ್ಟು ಸುರಿದರು. ಅದು ಗುಂಡಗೆ ತಳಕ್ಕೆ ಇಳಿದು ಕಡ್ಡಿಗಳನ್ನು ಮುಟ್ಟಿತು. ದೀಪ ಹತ್ತಿತು.

ನಾನು ಕೊನೆಯ ಆಸೆಯಿಂದ ಟೂಲ್ ಪೆಟ್ಟಿಗೆಯಲ್ಲಿದ್ದ ಸ್ಟೀಲ್ ಲೋಟ ತೆಗೆದುಕೊಟ್ಟೆ. "ಇದರಲ್ಲಿ ಮಾಡಿ ನೋಡಿ."

ಬಾಟಲಿಯ ಡೀಸೆಲ್ ಸುರಿದು, ತಳಕ್ಕೆ ಊರಿದರು. ಹತ್ತಿತು. "ನೋಡಿದ್ರಾ!" ಎಂದೆ. ಅವರು ಕೈಯನ್ನು ಬೆರಳಿನಷ್ಟು ಮೇಲೆತ್ತಿದರು. ಆರಿತು. ಕೆಳಗಿಳಿಸಿ ತಳಕ್ಕೆ ತಾಗಿಸಿದರು. ಹತ್ತಿತು.

"ಎರಡು ಕಡ್ಡೀನೂ ಲೋಟಕ್ಕೆ ತಾಗ್ತಾ ಇದೆ ಸಾಬ್. ಕರೆಂಟು ಸ್ಟೀಲಲ್ಲಿ ಓಡ್ತಿದೆ. ಮಾತಾಡ್ತಾ ಇದ್ದಿದ್ದು ನಿಮ್ಮ ಲೋಟ. ಸೆನ್ಸರ್ ಪಾಪ ಸುಮ್ನೇ ಇತ್ತು."

ಉಡುಗೊರೆ ಕೊಟ್ಟವರ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಸ್ಟೀಲಿನಲ್ಲಿ ಕರೆಂಟು ಹರಿಯುತ್ತದೆ ಎಂಬುದನ್ನು ಸರ್ಕಾರಿ ಸಂಬಳ ಪಡೆಯುವ ಅಳತೆಗಾರನಿಗೆ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತವರೊಬ್ಬರು ಹೇಳಿಕೊಡಬೇಕಾಯಿತು. ನಾನೂ ಫುಟ್‌ಪಾತಿನ ಮೇಲೆ ಕೂತೆ.

"ಇಷ್ಟ್ ನೀರು ಎಲ್ಲಿಂದ? ಬಂಕಿಂದಲ್ಲ. ಯಾವ್ಯಾವ ದಿನ ಲೈಟ್ ಬರ್ತಿತ್ತು?"

ಡೈರಿ ಜೀಪಿನಲ್ಲೇ ಇತ್ತು. ತೆಗೆದು ಓದಿದೆ. ಸೋಮವಾರ. ಸೋಮವಾರ. ಸೋಮವಾರ. ಮೂರನೆಯದನ್ನು ಓದುವಾಗ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಭಾನುವಾರ ಏನ್ ಮಾಡ್ತೀರಿ ಸಾಬ್?"

"ಗಾಡಿ ತೊಳೀತೀನಿ."

ಮೇಸ್ತ್ರಿ ಎದ್ದು, ಜೀಪಿನ ಸುತ್ತ ಒಂದು ಸುತ್ತು ಬಂದು, ಮುಚ್ಚಳದ ಮುಂದೆ ನಿಂತರು. ಕುಂಕುಮ ಇನ್ನೂ ಇತ್ತು. ಕುಡಿಯುವ ನೀರಿನ ಬಾಟಲಿಯಿಂದ ಸ್ವಲ್ಪ ಅದರ ತಗ್ಗಿಗೆ ಸುರಿದರು. ನೀರು ತೀರ್ಥದ ಹಾಗೆ ತಟ್ಟೆಯಲ್ಲಿ ಒಂದು ಕ್ಷಣ ನಿಂತು, ನಟ್ಟನಡುವೆ ಸುಳಿ ತಿರುಗಿ, ಎರಡು ಮಿಲಿಮೀಟರ್ ತೂತಿನಲ್ಲಿ ನೇರವಾಗಿ ಒಳಗೆ ಹೋಯಿತು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

"ಯಾರ್ ಮಾಡಿದ್ದು ಇದನ್ನ?"

"ನಕ್ಷೆ ನನ್ನದು."

ಅವರು ಮುಚ್ಚಳವನ್ನು ತಿರುಗಿಸಿ, ಬಿಚ್ಚಿ, ಅಂಗೈಯಲ್ಲಿಟ್ಟು ತೂಗಿ ನೋಡಿದರು. ಅಣಕಿಸಲಿಲ್ಲ. "ಕೆಲಸ ಬಹಳ ಚೆನ್ನಾಗಿದೆ ಸಾಬ್," ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟು, ಟ್ಯಾಂಕಿನ ಬಾಯಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಫಿಲ್ಟರ್ ಬದಲಿಸಿ, ಪೈಪುಗಳಲ್ಲಿ ಸೇರಿದ ಗಾಳಿ ತೆಗೆದು, ಆಮೇಲಷ್ಟೇ ಸೆಲ್ಫ್ ಹೊಡೆಯಬೇಕು, ಸಂಜೆಯಾಗುತ್ತದೆ ಎಂದರು. ಜೀಪನ್ನು ಅವರಿಗೆ ಒಪ್ಪಿಸಿ ಶಾಲೆಯ ಗೇಟಿಗೆ ವಾಪಸು ಹೋಗಿ ನಿಂತೆ.

ಒಂದು ಗಂಟೆಗೆ ಅವಳು ಹೊರಗೆ ಬಂದಳು. ಸೀರೆ ನೀಲಿ, ಬಿಳಿಯ ಸಣ್ಣ ಅಂಚು. ಕನ್ನಡಕ ಇನ್ನೂ ಮೂಗಿನ ಮೇಲಿತ್ತು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.

"ಹೇಗಾಯ್ತು?"

"ಮೊದಲ ಭಾಗದಲ್ಲಿ ಲೆಕ್ಕ ಇತ್ತು. ಕೋಷ್ಟಕ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ರು. ಅದು ಕೈಗೆ ಬಂದಾಗ ನನಗೆ ಬಿಳೀ ಕಾಗದ ಕಾಣಿಸ್ತಿತ್ತು ಅಷ್ಟೆ. ಆಮೇಲೆ ಕನ್ನಡಕ ಬಂತು. ಉಳಿದಿದ್ದೆಲ್ಲ ಬರೆದೆ. ಅದೊಂದು ಮುಗೀಲಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: "ಗಾಡಿಗೆ ಏನಾಗಿತ್ತು?"

"ನೀರು."

"ಹೂಂ."

"ಮುಚ್ಚಳದ ತೂತಿಂದ. ನಾನೇ ತೊಳೆದು ತುಂಬಿಸ್ತಾ ಇದ್ದೆ."

ಅವಳು ನಿಂತು ನನ್ನ ಮುಖ ನೋಡಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ, ಎರಡನ್ನೂ ಮಾಡಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಈ ಸಲ ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದಳು. "ಕೆ.ಆರ್. ಪುರದ ಬಸ್ಸು ಆ ಕಡೆ ನಿಲ್ಲುತ್ತೆ," ಎಂದಳು.

ಅಂಗಡಿಯ ಮುಚ್ಚಳ ಹಾಕಿದ ಮೇಲೆ ಜೀಪು ನಮ್ಮ ಹತ್ತಿರ ಆರು ವರ್ಷ ಇತ್ತು. ಆ ಹಳದಿ ದೀಪ ಕೀಲಿ ತಿರುಗಿಸಿದಾಗ ಒಂದು ಕ್ಷಣ ಹತ್ತಿ ಆರುತ್ತಿತ್ತು. ಚಲಿಸುವಾಗ ಮತ್ತೆ ಎಂದೂ ಹತ್ತಲಿಲ್ಲ. ಪರೀಕ್ಷೆಯ ಫಲಿತಾಂಶ ಎರಡೂವರೆ ತಿಂಗಳ ಮೇಲೆ ಬಂತು. ನನ್ನ ಹೆಂಡತಿಗೆ ಮೂರು ಅಂಕ ಕಡಿಮೆ ಬಿದ್ದಿತ್ತು. ಅವಳು ಗುಮಾಸ್ತೆಯಾಗಿಯೇ ನಿವೃತ್ತಳಾದಳು.